ಊಟ ಚೆನ್ನಾಗಿದ್ದರೆ ವಯಸ್ಸಾದ ಹೆಂಗಸರಿಗೆ ಶ್ವಾಸಕೋಶದ ಕ್ಯಾನ್ಸರ್ ಬರಲ್ವಾ? ಅಮ್ಮ ಕೇಳುತ್ತಿದ್ದಾರೆ

ಹೊಳೆಸಾಲು (ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ಅಮ್ಮನ ವಿಷಯದಲ್ಲಿ ಸಲಹೆ ಬೇಕಿತ್ತು. ಅವರಿಗೆ 71 ವರ್ಷ. ಅಪ್ಪನ ಜೊತೆ ಅರಸೀಕೆರೆಯಲ್ಲಿದ್ದಾರೆ. ಬೀಡಿ, ಸಿಗರೇಟು ಯಾವತ್ತೂ ಮುಟ್ಟಿದವರಲ್ಲ. ಅಪ್ಪ ಸೇದುತ್ತಾರೆ. ಈಗ ಕಡಿಮೆ ಮಾಡಿದ್ದಾರೆ, ಪೂರ್ತಿ ಬಿಟ್ಟಿಲ್ಲ. ಹೋದ ವರ್ಷ ಅಮ್ಮನ ತಂಗಿಗೆ, ಅಂದರೆ ನಮ್ಮ ಚಿಕ್ಕಮ್ಮನಿಗೆ, ಶ್ವಾಸಕೋಶದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅವರೂ ಸೇದಿದವರಲ್ಲ. ಅಲ್ಲಿಂದ ಅಮ್ಮನಿಗೆ ಅದೇ ಯೋಚನೆ.

ಮೊನ್ನೆ ಅವರಿಗೊಂದು ವಾಟ್ಸಾಪ್ ಮೆಸೇಜ್ ಬಂದಿದೆ. ಅಮೆರಿಕದಲ್ಲಿ ವಯಸ್ಸಾದ ಹೆಂಗಸರ ಊಟದ ಬಗ್ಗೆ ಸಂಶೋಧನೆ ಮಾಡಿದ್ದಾರಂತೆ. ಊಟ ಚೆನ್ನಾಗಿದ್ದರೆ ಈ ಕ್ಯಾನ್ಸರ್ ಬರುವುದಿಲ್ಲವಂತೆ. ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಿದರೆ ಇನ್ನೂ ಒಳ್ಳೆಯದಂತೆ. ಡಿಸೆಂಬರ್‌ನಲ್ಲಿ ಬರುವಾಗ ಎರಡು ಡಬ್ಬಿ ತಗೊಂಡು ಬಾ, ಅಪ್ಪನಿಗೂ ಕೊಡುತ್ತೇನೆ ಎಂದಿದ್ದಾರೆ. ಇಲ್ಲಿ ಡಾಕ್ಟರ ಚೀಟಿ ಇಲ್ಲದೆಯೇ ಸಿಗುತ್ತದೆ. ತರಲೋ ಬೇಡವೋ? ಊಟಕ್ಕೂ ಶ್ವಾಸಕೋಶಕ್ಕೂ ನಿಜವಾಗಿ ಸಂಬಂಧ ಇದೆಯಾ?

ಔಷಧಿ ಅಂಗಡಿ (ಹುಬ್ಬಳ್ಳಿ)

ಮೇಡಂ, ಉಳಿದದ್ದನ್ನು ತಿಳಿದವರು ಹೇಳಲಿ. ಮಾತ್ರೆ ಮಾತ್ರ ತರಬೇಡಿ. ಅದರಲ್ಲೂ ನಿಮ್ಮ ತಂದೆಯವರಿಗೆ ಕೊಡಲೇಬಾರದು.

ಇದು ನನ್ನ ಅಭಿಪ್ರಾಯ ಅಲ್ಲ. ಫಿನ್ಲೆಂಡಿನಲ್ಲಿ 1985ರಿಂದ ದೊಡ್ಡ ಪ್ರಯೋಗ ನಡೆಯಿತು. 50ರಿಂದ 69 ವಯಸ್ಸಿನ, ಸಿಗರೇಟು ಸೇದುವ 29,133 ಗಂಡಸರು ಅದರಲ್ಲಿದ್ದರು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್, ಉಳಿದವರಿಗೆ ಅದಿಲ್ಲದ ಮಾತ್ರೆ. ಐದರಿಂದ ಎಂಟು ವರ್ಷ ಕೊಟ್ಟರು. ಕ್ಯಾನ್ಸರ್ ಕಡಿಮೆಯಾಗುತ್ತದೆ ಎಂದು ಎಲ್ಲರೂ ಕಾಯುತ್ತಿದ್ದರು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೋಟಿನ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ ಇತ್ತು.

ಅಮೆರಿಕದಲ್ಲೂ ಕ್ಯಾರೆಟ್ ಎಂಬ ಹೆಸರಿನದೇ ಪ್ರಯೋಗ ನಡೆಯುತ್ತಿತ್ತು. ಸೇದುವವರು, ಸೇದಿ ಬಿಟ್ಟವರು, ಕಲ್ನಾರು (ಆಸ್ಬೆಸ್ಟಾಸ್) ಕೆಲಸದವರು ಸೇರಿ 18,314 ಜನ, ಹೆಂಗಸರೂ ಇದ್ದರು. ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೊಡುತ್ತಿದ್ದರು. 1996ರ ಜನವರಿಯಲ್ಲಿ, ಮುಗಿಯಬೇಕಾದ ಸಮಯಕ್ಕಿಂತ 21 ತಿಂಗಳು ಮೊದಲೇ, ಅದನ್ನು ನಿಲ್ಲಿಸಬೇಕಾಯಿತು. ಮಾತ್ರೆ ತಗೊಂಡವರಲ್ಲಿ ಈ ಕ್ಯಾನ್ಸರ್ 28% ಜಾಸ್ತಿ, ಸಾವು 17% ಜಾಸ್ತಿ ಆಗಿತ್ತು. ನಿಲ್ಲಿಸಿದ ಮೇಲೂ ಹೆಂಗಸರಲ್ಲಿ ಅಪಾಯ ಕೆಲವು ವರ್ಷ ಹಾಗೇ ಉಳಿದಂತೆ ಕಂಡಿತು.

ಕ್ಯಾರೆಟ್ ತಿನ್ನುವುದಕ್ಕೆ ಏನೂ ಭಯವಿಲ್ಲ. ಪಲ್ಯ ಮಾಡಿ, ಕೋಸಂಬರಿ ಮಾಡಿ, ಧಾರಾಳವಾಗಿ ತಿನ್ನಲಿ.

ಇನ್ನೊಂದು ವಿಷಯ. ಅಮೆರಿಕದಿಂದ ಬರುವ ಮಕ್ಕಳು ತಂದೆ ತಾಯಿಗೆ ಕಣ್ಣಿನ ವಿಟಮಿನ್ ಎಂದು ಡಬ್ಬಿ ತಂದಿರುತ್ತಾರೆ. ನನ್ನ ಅಂಗಡಿಗೆ ಹಿಡಿದುಕೊಂಡು ಬಂದು, ಇದನ್ನು ಹೇಗೆ ತಗೊಳ್ಳಬೇಕು ಎಂದು ಕೇಳುವವರಿದ್ದಾರೆ. ಅಕ್ಷಿಪಟಲ ಸವೆಯುವ ಕಾಯಿಲೆಗೆ ಕೊಡುವ ಹಳೆಯ ಫಾರ್ಮುಲಾದಲ್ಲಿ ಬೀಟಾ ಕ್ಯಾರೋಟಿನ್ ಇತ್ತು. 2013ರಲ್ಲಿ ಹೊಸ ಪ್ರಯೋಗದ ಫಲಿತಾಂಶ ಬಂದ ಮೇಲೆ ಅದರ ಬದಲು ಲ್ಯೂಟಿನ್, ಜಿಯಾಕ್ಸಾಂಥಿನ್ ಹಾಕಿದರು. ಸೇದುವವರಿಗೆ, ಸೇದಿ ಬಿಟ್ಟವರಿಗೆ ಕೊಡುವ ಮೊದಲು ಡಬ್ಬಿಯ ಹಿಂದಿನ ಪಟ್ಟಿ ಓದಿ.

ತುಂಗಾತೀರ (ಮಿನಿಯಾಪೋಲಿಸ್)

ಹುಬ್ಬಳ್ಳಿ ಸರ್ ಮೊದಲು ಹೇಳಬೇಕಾದದ್ದನ್ನೇ ಮೊದಲು ಹೇಳಿದ್ದಾರೆ. ನಾನು ಇಲ್ಲಿ ಆರೋಗ್ಯ ಸಮೀಕ್ಷೆಗಳ ಅಂಕಿಅಂಶ ನೋಡುವ ಕೆಲಸದಲ್ಲಿದ್ದೇನೆ. ಊಟದ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಅಮೆರಿಕದಲ್ಲಿ ವಯಸ್ಸಾದ ಹೆಂಗಸರ ಆರೋಗ್ಯ ಎಂದರೆ ಮೊದಲು ನೆನಪಾಗುವುದು ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್. 1993ರಿಂದ 1998ರ ಒಳಗೆ 50ರಿಂದ 79 ವಯಸ್ಸಿನ, ಮುಟ್ಟು ನಿಂತ 1,61,808 ಹೆಂಗಸರನ್ನು ಸೇರಿಸಿಕೊಂಡರು. ಅವರ ಊಟ ತಿಳಿಯಲು ಒಂದು ಪ್ರಶ್ನಾವಳಿ, ಅದರಲ್ಲಿ 122 ಬಗೆಯ ಆಹಾರ. ಪ್ರತಿಯೊಂದನ್ನೂ ಎಷ್ಟು ಸಲ, ಎಷ್ಟು ತಿಂದಿರಿ ಎಂದು ನೆನಪು ಮಾಡಿಕೊಂಡು ಬರೆಯಬೇಕು.

ಆ ಉತ್ತರಗಳಿಂದ ಊಟಕ್ಕೆ ಅಂಕ ಹಾಕುತ್ತಾರೆ. ಹೆಲ್ದಿ ಈಟಿಂಗ್ ಇಂಡೆಕ್ಸ್ ಎನ್ನುವುದು ನೂರಕ್ಕೆ ಕೊಡುವ ಅಂಕ. ಅದರ 2015ರ ರೂಪದಲ್ಲಿ 13 ಭಾಗ ಇವೆ. ಸೊಪ್ಪು ಕಾಳಿಗೆ, ಇಡೀ ಹಣ್ಣಿಗೆ, ತೌಡು ತೆಗೆಯದ ಧಾನ್ಯಕ್ಕೆ, ಹಾಲು ಮೊಸರಿಗೆ ಅಂಕ ಸಿಗುತ್ತದೆ. ಪಾಲಿಶ್ ಮಾಡಿದ ಧಾನ್ಯ, ಉಪ್ಪು, ಸಕ್ಕರೆ, ತುಪ್ಪ ಬೆಣ್ಣೆಯಂಥ ಕೊಬ್ಬು ಜಾಸ್ತಿಯಾದರೆ ಅಂಕ ಹೋಗುತ್ತದೆ. ಅಮೆರಿಕದ ಸರಾಸರಿ 58ರ ಆಸುಪಾಸಿನಲ್ಲಿದೆ. ನಮ್ಮ ಮನೆಯ ಊಟಕ್ಕೆ ಹಾಕಿ ನೋಡಿದರೆ ಬಸ್ಸಾರು, ಹುರುಳಿಕಾಳು, ಮುದ್ದೆಗೆ ಒಳ್ಳೆ ಅಂಕ ಬರುತ್ತದೆ. ದಿನಕ್ಕೆ ಮೂರು ಹೊತ್ತು ಬಿಳಿ ಅನ್ನ, ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಸಕ್ಕರೆ ಜಾಸ್ತಿ ಹಾಕಿದ ಕಾಫಿ ಇದ್ದರೆ ಸಸ್ಯಾಹಾರಿ ಊಟವಾದರೂ ಅಂಕ ಇಳಿಯುತ್ತದೆ. 'ನಾವು ವೆಜ್, ನಮ್ಮ ಊಟ ಚೆನ್ನಾಗೇ ಇದೆ' ಎನ್ನುವವರು ಇದನ್ನು ಯೋಚಿಸಬೇಕು.

ಈಗ ಶ್ವಾಸಕೋಶ. ಇಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಮತ್ತು ನಿವೃತ್ತರ ಸಂಘ ಸೇರಿ ನಡೆಸಿದ ದೊಡ್ಡ ಅಧ್ಯಯನ ಇದೆ. ಅದರಲ್ಲಿ ಗಂಡಸರು, ಹೆಂಗಸರು ಇಬ್ಬರೂ ಇದ್ದಾರೆ, ಶುರುವಾದಾಗ 50ರಿಂದ 71 ವಯಸ್ಸು. 2016ರಲ್ಲಿ ಪ್ರಕಟವಾದ ಲೆಕ್ಕದಲ್ಲಿ 4,60,770 ಜನರಲ್ಲಿ 9,272 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿತ್ತು. ಊಟಕ್ಕೆ ಅತಿ ಹೆಚ್ಚು ಅಂಕ ಇದ್ದವರಲ್ಲಿ, ಅತಿ ಕಡಿಮೆ ಇದ್ದವರಿಗಿಂತ ಸುಮಾರು 14ರಿಂದ 17% ಕಡಿಮೆ. ನಾಲ್ಕು ಬೇರೆ ಬೇರೆ ವಿಧಾನದಲ್ಲಿ ಅಂಕ ಹಾಕಿದರೂ ಹೆಚ್ಚು ಕಡಿಮೆ ಇದೇ ಉತ್ತರ.

ಈ 17% ಎಷ್ಟು ದೊಡ್ಡದು? ಮೇಲಿನ ಸಂಖ್ಯೆಯ ಪ್ರಕಾರ, ಸುಮಾರು ಹತ್ತು ವರ್ಷದಲ್ಲಿ ಸಾವಿರ ಜನರಲ್ಲಿ 20 ಮಂದಿಗೆ ಕಾಯಿಲೆ ಬಂತು. ಆ 20ರಲ್ಲಿ 17% ಕಡಿಮೆ ಎಂದರೆ 17ರ ಹತ್ತಿರ. ಸಾವಿರಕ್ಕೆ ಮೂರು. ಆ ಮೂವರಿಗೆ, ಅವರ ಮನೆಯವರಿಗೆ ಅದು ಸಣ್ಣದಲ್ಲ. ಆದರೆ 'ಬರುವುದೇ ಇಲ್ಲ' ಎಂಬ ಮಾತಿಗೂ ಇದಕ್ಕೂ ತುಂಬಾ ದೂರ. ಸಿಗರೇಟು ಈ ಅಪಾಯವನ್ನು 15ರಿಂದ 30 ಪಟ್ಟು ಏರಿಸುತ್ತದೆ. ಅದು ಪಟ್ಟು, ಇದು ಶೇಕಡಾ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಬಯಲುಸೀಮೆ ಮೇಷ್ಟ್ರು (ಚಿತ್ರದುರ್ಗ)

ತುಂಗಾತೀರ ಅವರೇ, ಒಂದು ಅನುಮಾನ. ಸೊಪ್ಪು ತರಕಾರಿ ಚೆನ್ನಾಗಿ ತಿನ್ನುವವರು ಸಾಮಾನ್ಯವಾಗಿ ಸಿಗರೇಟು ಸೇದುವುದಿಲ್ಲ. ನಡೆಯುತ್ತಾರೆ, ಓದಿರುತ್ತಾರೆ, ಕೈಯಲ್ಲಿ ಕಾಸಿರುತ್ತದೆ. ಸೇದುವವರು ಊಟದ ಕಡೆ ಗಮನ ಕೊಡುವುದು ಕಡಿಮೆ. ಹಾಗಿದ್ದ ಮೇಲೆ ಆ 17% ಪೂರ್ತಿ ಸಿಗರೇಟಿನದೇ ಇರಬಹುದಲ್ಲ? ಊಟಕ್ಕೆ ಸುಮ್ನೆ ಹೆಸರು ಬಂದಿರಬಹುದು.

ತುಂಗಾತೀರ (ಮಿನಿಯಾಪೋಲಿಸ್)

ಮೇಷ್ಟ್ರೇ, ಈ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆ ಅದೇ. ಲೆಕ್ಕ ಮಾಡುವಾಗ ಸಿಗರೇಟಿನ ಪಾಲನ್ನು ಕಳೆಯುತ್ತಾರೆ. ದಿನಕ್ಕೆ ಎಷ್ಟು, ಎಷ್ಟು ವರ್ಷ, ಬಿಟ್ಟು ಎಷ್ಟು ಕಾಲ ಆಯಿತು, ಎಲ್ಲ ಕೇಳಿರುತ್ತಾರೆ. ಆದರೂ ಪೂರ್ತಿ ಕಳೆಯುವುದಕ್ಕೆ ಆಗುವುದಿಲ್ಲ. 'ದಿನಕ್ಕೆ ಹತ್ತು' ಎಂದು ಬರೆದವರೆಲ್ಲ ಒಂದೇ ರೀತಿ ಹೊಗೆ ಎಳೆದಿರುವುದಿಲ್ಲ. ಗಂಡನ ಹೊಗೆ ಎಷ್ಟು ವರ್ಷ ಕುಡಿದರು ಎನ್ನುವ ಲೆಕ್ಕ ಹಲವು ಅಧ್ಯಯನಗಳಲ್ಲಿ ಸರಿಯಾಗಿ ಇರುವುದೇ ಇಲ್ಲ. 30 ಪಟ್ಟು ಬಲ ಇರುವ ಕಾರಣದ ಒಂದು ಚೂರು ಉಳಿದುಕೊಂಡರೂ 17% ತೋರಿಸಲು ಅದು ಸಾಕು.

ಬೀಟಾ ಕ್ಯಾರೋಟಿನ್ ಕಥೆಯೂ ಹೀಗೇ ಶುರುವಾದದ್ದು. ರಕ್ತದಲ್ಲಿ ಅದು ಜಾಸ್ತಿ ಇದ್ದವರಿಗೆ ಕ್ಯಾನ್ಸರ್ ಕಡಿಮೆ ಎಂದು ಎಷ್ಟೋ ಅಧ್ಯಯನಗಳು ಹೇಳಿದ್ದವು. ಮಾತ್ರೆ ಮಾಡಿ ಕೊಟ್ಟಾಗ ಉಲ್ಟಾ ಆಯಿತು.

ಹಾಗಾದರೆ ಊಟವನ್ನೂ ಪ್ರಯೋಗ ಮಾಡಿಯೇ ನೋಡಬಹುದಲ್ಲ ಎಂದರೆ, ಅದು ಬಹಳ ಕಷ್ಟ. ಅದೇ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್‌ನಲ್ಲಿ 48,835 ಹೆಂಗಸರ ಮೇಲೆ ಊಟ ಬದಲಿಸುವ ಪ್ರಯೋಗ ಮಾಡಿದರು. ಮುಖ್ಯವಾಗಿ ಸ್ತನ ಕ್ಯಾನ್ಸರ್ ಮತ್ತು ಕರುಳಿನ ಕ್ಯಾನ್ಸರ್‌ಗಾಗಿ. ಕೊಬ್ಬಿನಿಂದ ಬರುವ ಕ್ಯಾಲರಿ 20%ಕ್ಕೆ ಇಳಿಸಬೇಕು ಎಂಬ ಗುರಿ. ಮೊದಲ ವರ್ಷ ಸುಮಾರು 24ಕ್ಕೆ ಬಂತು, ಆರನೇ ವರ್ಷದ ಹೊತ್ತಿಗೆ ಮತ್ತೆ 29ರ ಹತ್ತಿರ. ತರಗತಿ, ಸಲಹೆ, ಎಲ್ಲ ಇದ್ದೂ ಹೀಗೆ. ಐವತ್ತು ವರ್ಷದ ಊಟವನ್ನು ಬದಲಿಸುವುದು ಎಷ್ಟು ಕಷ್ಟ ಎಂದು ನಮ್ಮ ಅಮ್ಮಂದಿರನ್ನು ಕೇಳಿದರೆ ಗೊತ್ತಾಗುತ್ತದೆ.

ಸೇದದ ಹೆಂಗಸರಲ್ಲಿ ಏನಾಗುತ್ತದೆ ಎಂದು ನೋಡಲು ಚೀನಾದ ಶಾಂಘಾಯ್ ಅಧ್ಯಯನ ಒಳ್ಳೆಯದು. ಸುಮಾರು 75,000 ಹೆಂಗಸರು, ಬಹುತೇಕ ಯಾರೂ ಸೇದುವವರಲ್ಲ. ಅಲ್ಲಿ ಸೋಯಾ ಆಹಾರ ಜಾಸ್ತಿ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಂಡಿತು. ಅಲ್ಲಿ ಸ್ವಂತ ಸಿಗರೇಟಿನ ಗೊಂದಲ ಇಲ್ಲ. ಹಾಗಾಗಿ ಊಟಕ್ಕೆ ತನ್ನದೇ ಆದ ಸಣ್ಣ ಪಾಲು ಇದೆ ಎಂದು ನಾನು ನಂಬುತ್ತೇನೆ. ದೊಡ್ಡ ಪಾಲು ಎಂದು ಯಾರಾದರೂ ಹೇಳಿದರೆ ಒಪ್ಪುವುದಿಲ್ಲ.

ಅಡುಗೆಮನೆ ಶಾಂತಮ್ಮ (ಕೆಂಗೇರಿ)

ನನಗೂ 68 ಆಯ್ತು. ಇದನ್ನೆಲ್ಲ ಓದುತ್ತಿದ್ದೇನೆ. ಮೊಸರು ರಾತ್ರಿ ತಿಂದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು ಎಂದು ನಮ್ಮ ಸೊಸೆ ನಿಲ್ಲಿಸಿಬಿಟ್ಟಿದ್ದಾಳೆ. ಮೊಸರನ್ನ ಇಲ್ಲದೆ ನನಗೆ ಊಟ ಮುಗಿಯುವುದಿಲ್ಲ. ಅದಕ್ಕೇನಾದರೂ ಆಧಾರ ಇದೆಯೇನಮ್ಮ?

ತುಂಗಾತೀರ (ಮಿನಿಯಾಪೋಲಿಸ್)

ಅಮ್ಮಾ, ಕ್ಯಾನ್ಸರ್ ವಿಷಯದಲ್ಲಿ ಮೊಸರಿನ ಮೇಲೆ ಆರೋಪ ಇಲ್ಲ. 2020ರಲ್ಲಿ ಅಮೆರಿಕ, ಯೂರೋಪ್, ಏಷ್ಯಾದ ಹತ್ತು ಅಧ್ಯಯನಗಳನ್ನು ಸೇರಿಸಿ, 14 ಲಕ್ಷಕ್ಕಿಂತ ಹೆಚ್ಚು ಜನರ ಲೆಕ್ಕ ನೋಡಿದರು. ಮೊಸರು ಜಾಸ್ತಿ ತಿನ್ನುವವರಲ್ಲಿ, ತಿನ್ನದವರಿಗಿಂತ ಶ್ವಾಸಕೋಶದ ಕ್ಯಾನ್ಸರ್ 19% ಕಡಿಮೆ. ನಾರಿನ ಅಂಶ ಅತಿ ಹೆಚ್ಚು ತಿನ್ನುವವರಲ್ಲಿ 17% ಕಡಿಮೆ. ಎರಡೂ ಇದ್ದವರಲ್ಲಿ 33% ಕಡಿಮೆ. ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ನಾರನ್ನು ಒಡೆದು ಮಾಡುವ ಪದಾರ್ಥಗಳು ಇಡೀ ಮೈಯ ಉರಿಯೂತ ತಗ್ಗಿಸುತ್ತವೆ, ಶ್ವಾಸಕೋಶಕ್ಕೂ ಅದರ ಲಾಭ ಇರಬಹುದು ಎಂದು ಒಂದು ವಿವರಣೆ. ಮೇಷ್ಟ್ರ ಅನುಮಾನ ಇಲ್ಲಿಗೂ ಸಲ್ಲುತ್ತದೆ. ಆದರೆ ರಾಗಿ, ಸೊಪ್ಪು, ಕಾಳು, ಮೊಸರು ತಿನ್ನಲು ಬೇರೆ ಕಾರಣಗಳೂ ಬೇಕಾದಷ್ಟಿವೆ. ರಾತ್ರಿ ತಿಂದರೆ ನಿಮಗೆ ತೊಂದರೆ ಆಗದಿದ್ದರೆ ಆರಾಮಾಗಿ ಮೊಸರನ್ನ ಉಣ್ಣಿ.

ಬಚ್ಚಲೊಲೆ (ತೀರ್ಥಹಳ್ಳಿ)

ಇಷ್ಟು ಹೊತ್ತು ಊಟದ ಮಾತಾಯಿತು. ಆ ಊಟ ಬೇಯಿಸಿದ ಒಲೆಯ ಮಾತು ಯಾರೂ ಎತ್ತಲಿಲ್ಲ. ನಮ್ಮ ಅಮ್ಮಂದಿರ ವಯಸ್ಸಿನವರು ಸೌದೆ ಒಲೆ ಮುಂದೆ ಕೂತು ಜೀವನ ಕಳೆದವರು. ಮಳೆಗಾಲದಲ್ಲಿ ಒದ್ದೆ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪು, ಕೆಮ್ಮು. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಎಷ್ಟೋ ಮನೆಗೆ ಗ್ಯಾಸ್ ಬಂತು. ನಮ್ಮ ಕಡೆ ಅನ್ನ ಸಾರು ಗ್ಯಾಸಿನ ಮೇಲೆ ಆದರೂ ಸ್ನಾನದ ನೀರಿಗೆ ಬಚ್ಚಲೊಲೆ ಇವತ್ತಿಗೂ ಉರಿಯುತ್ತದೆ. ಅಡಿಕೆ ಸಿಪ್ಪೆ, ಹಾಳೆ, ಕೆಲವು ಕಡೆ ಪ್ಲಾಸ್ಟಿಕ್ ಕವರನ್ನೂ ಅದಕ್ಕೇ ಹಾಕುತ್ತಾರೆ. ಬೆಳಿಗ್ಗೆ ಎದ್ದು ಬೆಂಕಿ ಹಾಕುವವರು ಮನೆಯ ಹಿರಿಯ ಹೆಂಗಸರೇ.

ನನ್ನ ಅತ್ತೆಯವರಿಗೆ ಈಗ ಉಬ್ಬಸ. ಕ್ಯಾನ್ಸರ್ ಅಲ್ಲ, ದೇವರ ದಯ. ಆದರೆ ಸಿಗರೇಟು ಸೇದದ ಹೆಂಗಸಿಗೆ ಯಾಕೆ ಬಂತು ಎಂದು ಕೇಳುವ ಮೊದಲು ನಾವು ಈ ಹೊಗೆಯನ್ನು ಲೆಕ್ಕಕ್ಕೆ ತಗೊಳ್ಳಬೇಕು ಅಲ್ವಾ?

ಬಯಲುಸೀಮೆ ಮೇಷ್ಟ್ರು (ಚಿತ್ರದುರ್ಗ)

ಖಂಡಿತ ತಗೊಳ್ಳಬೇಕು. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಶುವಾನ್‌ವೇ ಎಂಬ ಊರಿದೆ. ಅಲ್ಲಿ ಸೇದದ ಹೆಂಗಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಭಯಂಕರವಾಗಿ ಹೆಚ್ಚಿತ್ತು. ಕಾರಣ, ಮನೆಯೊಳಗೆ ಹೊಗೆ ಕೊಳವೆ ಇಲ್ಲದೆ ಉರಿಸುತ್ತಿದ್ದ, ಜಾಸ್ತಿ ಹೊಗೆ ಬಿಡುವ ಕಲ್ಲಿದ್ದಲು. ಒಲೆಗೆ ಹೊಗೆ ಕೊಳವೆ ಕಟ್ಟಿಸಿಕೊಂಡ ಮನೆಗಳಲ್ಲಿ ಮುಂದೆ ಹೆಂಗಸರ ಕ್ಯಾನ್ಸರ್ 46% ಕಡಿಮೆಯಾಯಿತು, ಗಂಡಸರದು 41%. 2002ರಲ್ಲಿ ಅದು ಪ್ರಕಟವಾಯಿತು. ಒಂದು ಕೊಳವೆಯಿಂದ ಅಷ್ಟು! ಊಟದ ಅಂಕದ 17%ಕ್ಕಿಂತ ಎಷ್ಟೋ ದೊಡ್ಡದು.

ತುಂಗಾತೀರ (ಮಿನಿಯಾಪೋಲಿಸ್)

ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನೆಯೊಳಗಿನ ಕಲ್ಲಿದ್ದಲು ಹೊಗೆಯನ್ನು ಖಚಿತವಾಗಿ ಕ್ಯಾನ್ಸರ್ ತರುವ ಪಟ್ಟಿಯಲ್ಲಿಟ್ಟಿದೆ. ಸೌದೆ ಹೊಗೆ ಅದರ ಕೆಳಗಿನ ಪಟ್ಟಿಯಲ್ಲಿ, 'ಬಹುಶಃ ತರುತ್ತದೆ' ಎನ್ನುವುದರಲ್ಲಿದೆ. ತುಂಬಾ ಕಾದ ಎಣ್ಣೆಯಲ್ಲಿ ಕರಿಯುವಾಗ ಏಳುವ ಹೊಗೆಯೂ ಅದೇ ಪಟ್ಟಿಯಲ್ಲಿದೆ. ಹಪ್ಪಳ ಸಂಡಿಗೆ ಕರಿಯುವಾಗ ಕಿಟಕಿ ತೆಗೆಯಿರಿ, ಎಣ್ಣೆ ಹೊಗೆಯಾಡುವ ಮಟ್ಟಕ್ಕೆ ಕಾಯಿಸಬೇಡಿ.

ಹೊಳೆಸಾಲು ಅವರೇ, ನಿಮ್ಮ ಅಪ್ಪನ ಸಿಗರೇಟು ಅಮ್ಮನ ಲೆಕ್ಕಕ್ಕೂ ಬರುತ್ತದೆ. 1981ರಲ್ಲಿ ಜಪಾನಿನ ತಾಕೆಶಿ ಹಿರಾಯಾಮಾ ಸೇದದ 91,540 ಹೆಂಡತಿಯರ ಲೆಕ್ಕ ಪ್ರಕಟಿಸಿದರು. ಗಂಡ ಎಷ್ಟು ಜಾಸ್ತಿ ಸೇದುತ್ತಾನೋ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಅಷ್ಟು ಜಾಸ್ತಿ. ತಂಬಾಕು ಕಂಪನಿಗಳು ಅದನ್ನು ಅಲ್ಲಗಳೆಯಲು ಬಹಳ ಪ್ರಯತ್ನ ಪಟ್ಟವು. ಈಗ ಜಗತ್ತು ಒಪ್ಪಿರುವ ಅಂದಾಜು, ಬೇರೆಯವರ ಹೊಗೆಯಿಂದ 20ರಿಂದ 30% ಹೆಚ್ಚು ಅಪಾಯ. ಅಮ್ಮನಿಗೆ ಒಳ್ಳೆ ಊಟದಿಂದ ಬರಬಹುದಾದ ಲಾಭವನ್ನು ಅಪ್ಪನ ಸಿಗರೇಟು ಪೂರ್ತಿ ನುಂಗಬಹುದು.

ಕಾವೇರಿ ಕಣಿವೆ (ಮೈಸೂರು)

ಒಂದು ವಿಷಯ ಹೇಳಲೇಬೇಕು. ನಮ್ಮ ದೊಡ್ಡಮ್ಮನಿಗೆ ಕೆಮ್ಮು ಶುರುವಾದಾಗ ಎಕ್ಸ್‌ರೇಯಲ್ಲಿ ಬಿಳಿ ಕಲೆ ಕಂಡಿತು. ಕಫದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ಟಿಬಿ ಎಂದು ಒಂದು ಆಸ್ಪತ್ರೆಯಲ್ಲಿ ಮಾತ್ರೆ ಶುರು ಮಾಡಿದರು. ತಿಂಗಳುಗಟ್ಟಲೆ ನುಂಗಿದರು. ತೂಕ ಇಳಿಯುತ್ತಲೇ ಇತ್ತು. ಸೇದದ ಹೆಂಗಸಿಗೆ ಕ್ಯಾನ್ಸರ್ ಎಲ್ಲಿಂದ ಬರುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದೆವು. ಕೊನೆಗೆ ಬಯಾಪ್ಸಿ ಮಾಡಿಸುವ ಹೊತ್ತಿಗೆ ಬೆನ್ನುಮೂಳೆಗೆ ಹರಡಿತ್ತು.

ಟಿಬಿ ನಮ್ಮಲ್ಲಿ ಜಾಸ್ತಿ, ಅದನ್ನು ಮೊದಲು ಅನುಮಾನಿಸುವುದು ತಪ್ಪಲ್ಲ. ಆದರೆ ರೋಗಾಣು ಸಿಗದೆ ಶುರುವಾದ ಚಿಕಿತ್ಸೆಯಲ್ಲಿ ಒಂದೆರಡು ತಿಂಗಳಾದರೂ ಕೆಮ್ಮು, ತೂಕ ಸುಧಾರಿಸದಿದ್ದರೆ ಸಿಟಿ ಸ್ಕ್ಯಾನ್, ಬಯಾಪ್ಸಿ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ. ಕಫದಲ್ಲಿ ರಕ್ತ, ಮೂರು ವಾರ ದಾಟಿದ ಕೆಮ್ಮು, ಧ್ವನಿ ಒಡೆಯುವುದು, ಕಾರಣವಿಲ್ಲದೆ ಸಣ್ಣಗಾಗುವುದು, ಇವುಗಳಲ್ಲಿ ಯಾವುದನ್ನೂ 'ವಯಸ್ಸಾಯ್ತಲ್ಲ' ಎಂದು ಬಿಡಬೇಡಿ. ದೊಡ್ಡಮ್ಮನ ಊಟ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು.

ಹೊಳೆಸಾಲು (ನ್ಯೂಜೆರ್ಸಿ)

ಓದಿ ಮನಸ್ಸು ಭಾರವಾಯಿತು, ಕಾವೇರಿ ಅವರೇ. ಮಾತ್ರೆ ತರುವುದಿಲ್ಲ ಎಂದು ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಫಿನ್ಲೆಂಡಿನ ವಿಷಯ ಕೇಳಿ ಅಪ್ಪನೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಮ್ಮನಿಗೆ ಈಗ ಕೆಮ್ಮು ಏನೂ ಇಲ್ಲ. ತಂಗಿಗೆ ಬಂದಿರುವುದರಿಂದ ಅವರಿಗೂ ಸ್ಕ್ಯಾನ್ ಮಾಡಿಸಬೇಕಾ?

ತುಂಗಾತೀರ (ಮಿನಿಯಾಪೋಲಿಸ್)

ಅಮೆರಿಕದ 2021ರ ನಿಯಮದ ಪ್ರಕಾರ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ 50ರಿಂದ 80 ವಯಸ್ಸಿನವರಿಗೆ, ಅದೂ ಜಾಸ್ತಿ ಸೇದಿದವರಿಗೆ. ದಿನಕ್ಕೊಂದು ಪ್ಯಾಕಿನಂತೆ 20 ವರ್ಷಕ್ಕೆ ಸಮನಾಗಿ ಸೇದಿರಬೇಕು, ಈಗಲೂ ಸೇದುತ್ತಿರಬೇಕು ಅಥವಾ ಬಿಟ್ಟು 15 ವರ್ಷ ದಾಟಿರಬಾರದು. ನಿಮ್ಮ ಅಮ್ಮ ಇದರಲ್ಲಿ ಬರುವುದಿಲ್ಲ, ಅಪ್ಪ ಬರಬಹುದು. ತೈವಾನ್ ಮಾತ್ರ 2022ರಿಂದ, ಕುಟುಂಬದಲ್ಲಿ ಈ ಕ್ಯಾನ್ಸರ್ ಇದ್ದರೆ ಸೇದದವರಿಗೂ ಸರ್ಕಾರದಿಂದಲೇ ಸ್ಕ್ಯಾನ್ ಮಾಡುತ್ತಿದೆ. ಅಲ್ಲಿ ಸೇದದ ಹೆಂಗಸರಲ್ಲಿ ಈ ಕಾಯಿಲೆ ತುಂಬಾ ಇದೆ. ಸ್ಕ್ಯಾನ್‌ನಲ್ಲಿ ಅಪಾಯವಿಲ್ಲದ ಗಂಟು ಕಂಡು ಸುಮ್ಮನೆ ಬಯಾಪ್ಸಿವರೆಗೆ ಹೋಗುವ ತೊಂದರೆಯೂ ಇದೆ. ಹಾಗಾಗಿ ಚಿಕ್ಕಮ್ಮನ ರಿಪೋರ್ಟ್ ತಗೊಂಡು ಶ್ವಾಸಕೋಶದ ಡಾಕ್ಟರನ್ನು ಒಮ್ಮೆ ಕಾಣಲಿ. ಚಿಕ್ಕಮ್ಮನ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಜೀನ್ ಬದಲಾವಣೆ ಪರೀಕ್ಷೆ ಮಾಡಿಸಿದ್ದಾರಾ ಎಂದೂ ಕೇಳಿ. ಸೇದದ ಏಷ್ಯಾದ ಹೆಂಗಸರಲ್ಲಿ ಅದು ಹೆಚ್ಚು. ಇದ್ದರೆ ಚಿಕ್ಕಮ್ಮನಿಗೆ ಮಾತ್ರೆಯ ರೂಪದಲ್ಲೇ ಚಿಕಿತ್ಸೆ ಇದೆ.

ಅಡುಗೆಮನೆ ಶಾಂತಮ್ಮ (ಕೆಂಗೇರಿ)

ಇನ್ನೊಂದು ಕೇಳಲಾ? ನಮ್ಮ ಓಣಿಯಲ್ಲಿ ನನ್ನ ವಯಸ್ಸಿನವರು ಬಹಳ ಜನ ಎಲೆ ಅಡಿಕೆಗೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕಿಕೊಳ್ಳುತ್ತಾರೆ. ಹೊಗೆ ಇಲ್ಲವಲ್ಲ, ಶ್ವಾಸಕೋಶಕ್ಕೇನೂ ಆಗುವುದಿಲ್ಲ ಎನ್ನುತ್ತಾರೆ.

ಔಷಧಿ ಅಂಗಡಿ (ಹುಬ್ಬಳ್ಳಿ)

ಅಮ್ಮಾ, ನೀವು ಕೇಳಿದ್ದು ಒಳ್ಳೆಯದಾಯಿತು. 2016-17ರ ದೇಶದ ತಂಬಾಕು ಸಮೀಕ್ಷೆಯಲ್ಲಿ ಸೇದುವ ಹೆಂಗಸರು 2%. ಹೊಗೆ ಇಲ್ಲದ ತಂಬಾಕು ಹಾಕುವವರು 12.8%. ನಮ್ಮ ಹೆಂಗಸರ ತಂಬಾಕು ಎಂದರೆ ಹೆಚ್ಚಾಗಿ ಕಡ್ಡಿಪುಡಿ, ಹೊಗೆಸೊಪ್ಪು, ನಶ್ಯಪುಡಿಯೇ. ಅದರಿಂದ ಬಾಯಿ, ಅನ್ನನಾಳ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬರಬಹುದು ಎನ್ನುವುದು ಖಚಿತವಾಗಿ ಗೊತ್ತಾಗಿದೆ. ತಂಬಾಕು ಇಲ್ಲದ ಬರೀ ಅಡಿಕೆಯೂ ಬಾಯಿ ಕ್ಯಾನ್ಸರ್ ತರುತ್ತದೆ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಬಾಯಿ ಅಗಲಿಸಿ ತೆಗೆಯಲು ಕಷ್ಟ, ಇಂಥದ್ದು ಯಾರಿಗಾದರೂ ಇದ್ದರೆ ಹತ್ತಿರದ ಹಲ್ಲಿನ ಡಾಕ್ಟರಿಗೆ ತೋರಿಸಲಿ. ಬಿಡುವುದಕ್ಕೆ ಸಹಾಯ ಬೇಕಿದ್ದರೆ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356. ಅದರಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ಹೊಳೆಸಾಲು ಮೇಡಂ, ನಿಮ್ಮ ತಂದೆಯವರಿಗೂ ಇದೇ ನಂಬರ್ ಕೊಡಿ.